ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಮತ್ತು ಪಾದಚಾರಿ ಸುರಕ್ಷತೆ

ಸರಕು ದಾಸ್ತಾನು ಮಾಡುವ ಕಟ್ಟಡಗಳಲ್ಲಿ ಫೋರ್ಕ್‌ಲಿಫ್ಟ್ ಮೊದಲಾದ ಎತ್ತುಬಂಡಿಗಳು ಓಡಾಡುವಾಗ, ಅದೇ ನೆಲದ ಮೇಲೆ ನಡೆದು ಕೆಲಸ ಮಾಡುವವರಿಗೆ ಅವು ಬಡಿಯದಂತೆ, ಅವರನ್ನು ಗೋಡೆಗೋ ರ್ಯಾಕಿಗೋ ಒತ್ತಿ ಅಮುಕದಂತೆ, ಎತ್ತಿದ ಸರಕು ಅವರ ಮೇಲೆ ಬೀಳದಂತೆ ನೋಡಿಕೊಳ್ಳುವ ವ್ಯವಸ್ಥೆ. ಕಟ್ಟಡದ ನಕ್ಷೆ, ನೆಲದ ಮೇಲಿನ ದಾರಿಗಳು, ತಡೆಬೇಲಿ, ಯಂತ್ರದ ಆಯ್ಕೆ ಮತ್ತು ದುರಸ್ತಿ, ಚಾಲಕರ ತರಬೇತಿ, ಪಾಳಿಯ ವೇಳಾಪಟ್ಟಿ, ಕಾನೂನು ಎಲ್ಲವೂ ಇದರ ವ್ಯಾಪ್ತಿಗೆ ಸೇರುತ್ತವೆ.

ಇಲ್ಲಿ ಪಾದಚಾರಿ ಎಂದರೆ ಗೋದಾಮಿನ ಕಾಯಂ ನೌಕರ ಮಾತ್ರ ಎಂದು ತಿಳಿಯಬಾರದು. ಪಟ್ಟಿ ಹಿಡಿದು ರ್ಯಾಕುಗಳಿಂದ ಸಾಮಾನು ತೆಗೆಯುವವರು, ಮೂಟೆ ಹೊರುವ ಹಮಾಲರು, ಸೂಪರ್‌ವೈಸರು, ಕಸ ಗುಡಿಸುವವರು, ಕಾವಲುಗಾರ, ಲೆಕ್ಕ ತಪಾಸಣೆಗೆ ಬಂದವರು, ಬಿಲ್ಲು ಹಿಡಿದು ಒಳಗೆ ಬಂದ ಲಾರಿ ಚಾಲಕ, ಅವನ ಕ್ಲೀನರ್, ಎಲ್ಲರೂ ಪಾದಚಾರಿಗಳೇ. ಸೀಟಿನಿಂದ ಕೆಳಗಿಳಿದ ಕ್ಷಣದಿಂದ ಫೋರ್ಕ್‌ಲಿಫ್ಟ್ ಚಾಲಕನೂ ಪಾದಚಾರಿಯೇ. ಸರಕು ಹೇರುವ ಅಡಿಹಲಗೆ, ಅಂದರೆ ಪ್ಯಾಲೆಟ್, ಸರಿಯಾಗಿ ಕೂತಿದೆಯೇ ಎಂದು ನೋಡಲು ಹ್ಯಾಂಡ್‌ಬ್ರೇಕ್ ಹಾಕದೆ ಇಳಿದು, ಉರುಳಿ ಬಂದ ತನ್ನದೇ ಬಂಡಿಗೆ ಸಿಲುಕುವುದು ಈ ಕೆಲಸದ ಬಹು ಪರಿಚಿತ ಅಪಘಾತಗಳಲ್ಲಿ ಒಂದು.

ಯಂತ್ರ ಮತ್ತು ಅದರ ಸ್ವಭಾವ

1917ರಲ್ಲಿ ಅಮೆರಿಕದ ಮಿಶಿಗನ್ ರಾಜ್ಯದ ಬುಕಾನನ್ ಪಟ್ಟಣದಲ್ಲಿ ಆಕ್ಸಲ್ ತಯಾರಿಸುತ್ತಿದ್ದ ಕ್ಲಾರ್ಕ್ ಕಂಪನಿ, ತನ್ನ ಕಾರ್ಖಾನೆಯ ಒಂದು ವಿಭಾಗದಿಂದ ಇನ್ನೊಂದಕ್ಕೆ ಮಾಲು ಸಾಗಿಸಲು ಟ್ರಕ್‌ಟ್ರ್ಯಾಕ್ಟರ್ ಎಂಬ ಬಂಡಿಯನ್ನು ಕಟ್ಟಿತು. ಇದನ್ನು ಇಂದಿನ ಫೋರ್ಕ್‌ಲಿಫ್ಟಿನ ಪೂರ್ವಜ ಎನ್ನುವುದು ವಾಡಿಕೆ. ಮಾಲನ್ನು ನೇರವಾಗಿ ಮೇಲಕ್ಕೆತ್ತುವ ಮಾಸ್ಟ್ ಮತ್ತು ಫೋರ್ಕು 1920ರ ದಶಕದಲ್ಲಿ ಸೇರಿಕೊಂಡವು. ಎರಡನೆಯ ಮಹಾಯುದ್ಧದ ಸರಬರಾಜಿನ ಒತ್ತಡದಲ್ಲಿ ಪ್ಯಾಲೆಟ್ಟು ಮತ್ತು ಫೋರ್ಕ್‌ಲಿಫ್ಟುಗಳ ಜೋಡಿ ಜಗತ್ತಿಗೆಲ್ಲ ಹರಡಿತು. ಭಾರತದಲ್ಲಿ ಗೋದ್ರೇಜ್ ಮತ್ತು ವೋಲ್ಟಾಸ್ ಕಂಪನಿಗಳ ಹಳದಿ, ಕಿತ್ತಳೆ ಬಂಡಿಗಳು ಎಷ್ಟೋ ಕಾರ್ಖಾನೆಗಳ ಅಂಗಳದಲ್ಲಿ ದಶಕಗಳಿಂದ ಓಡಾಡಿವೆ.

ಫೋರ್ಕ್‌ಲಿಫ್ಟನ್ನು ಸಣ್ಣ ಗಾತ್ರದ ಲಾರಿ ಎಂದುಕೊಳ್ಳುವುದು ತಪ್ಪು ಗ್ರಹಿಕೆ. ಮುಂದೆ ಎತ್ತುವ ಭಾರವನ್ನು ಸರಿದೂಗಿಸಲು ಹಿಂಬದಿಯಲ್ಲಿ ಕೌಂಟರ್‌ವೇಟ್ ಎಂಬ ಎರಕದ ಕಬ್ಬಿಣದ ದೊಡ್ಡ ತೂಕ ಇರುತ್ತದೆ. ಹಾಗಾಗಿ ಎರಡೂವರೆ ಟನ್ ಎತ್ತುವ ಬಂಡಿ ಖಾಲಿ ಇರುವಾಗಲೂ ಮೂರೂವರೆಯಿಂದ ನಾಲ್ಕು ಟನ್ ತೂಗುತ್ತದೆ. ನೋಡಲು ಕಾರಿಗಿಂತ ಚಿಕ್ಕದು, ತೂಕದಲ್ಲಿ ಎರಡು ಮೂರು ಕಾರುಗಳಷ್ಟು. ಮುಂದಿನ ಎರಡು ಚಕ್ರಗಳು ಮತ್ತು ಹಿಂದಿನ ಆಕ್ಸಲಿನ ನಡುವಿನ ತಿರುಗಣೆ, ಈ ಮೂರು ಬಿಂದುಗಳ ಮೇಲೆ ಅದರ ಸಮತೋಲ ನಿಂತಿದೆ. ಬಂಡಿ ಮತ್ತು ಸರಕಿನ ಒಟ್ಟು ಗುರುತ್ವಕೇಂದ್ರ ಈ ತ್ರಿಕೋನದೊಳಗೆ ಇರುವವರೆಗೆ ಬಂಡಿ ನಿಲ್ಲುತ್ತದೆ, ಹೊರಗೆ ಸರಿದರೆ ಮಗುಚುತ್ತದೆ. ಫೋರ್ಕು ಮೇಲೇರಿದಷ್ಟೂ ಗುರುತ್ವಕೇಂದ್ರ ಮೇಲೇರಿ, ಸಣ್ಣ ತಿರುವೂ ಅದನ್ನು ಹೊರಗೆ ತಳ್ಳಬಲ್ಲದು. ಸರಕು ಹೊತ್ತು ಸಾಗುವಾಗ ಫೋರ್ಕು ನೆಲದಿಂದ 15-20 ಸೆಂಟಿಮೀಟರಿಗಿಂತ ಮೇಲಿರಬಾರದು ಎಂಬ ನಿಯಮ ಇದರಿಂದ ಹುಟ್ಟಿದ್ದು. ಬಂಡಿಯ ಮೇಲೆ ಬರೆದ ಸಾಮರ್ಥ್ಯಕ್ಕೂ ಒಂದು ಷರತ್ತಿದೆ. ಸಾಮಾನ್ಯ ಗಾತ್ರದ ಬಂಡಿಗಳಲ್ಲಿ ಸರಕಿನ ತೂಕದ ನಡುಬಿಂದು ಫೋರ್ಕಿನ ಬುಡದಿಂದ 500 ಮಿಲಿಮೀಟರ್ ದೂರದಲ್ಲಿದ್ದರೆ ಮಾತ್ರ ಆ ಸಂಖ್ಯೆ ನಿಜ. ಉದ್ದನೆಯ ಪೆಟ್ಟಿಗೆಯನ್ನು ತುದಿಯಲ್ಲಿ ಎತ್ತಿದರೆ ಅದೇ ಬಂಡಿ ಕಡಿಮೆ ತೂಕಕ್ಕೇ ಮುಗ್ಗರಿಸುತ್ತದೆ.

ನಡೆದಾಡುವವರ ದೃಷ್ಟಿಯಿಂದ ಹೆಚ್ಚು ಅಪಾಯಕಾರಿಯಾದ ಗುಣ ಬೇರೆಯೇ. ಫೋರ್ಕ್‌ಲಿಫ್ಟ್ ಹಿಂದಿನ ಚಕ್ರಗಳಿಂದ ತಿರುಗುತ್ತದೆ. ಕಾರು ತಿರುಗಿದಾಗ ಅದರ ಮೂತಿ ಹೊರಳುತ್ತದೆ, ಫೋರ್ಕ್‌ಲಿಫ್ಟ್ ತಿರುಗಿದಾಗ ಭಾರವಾದ ಹಿಂಭಾಗ ತಿರುವಿನ ಹೊರಮಗ್ಗುಲಿಗೆ ಬೀಸಿ ಬರುತ್ತದೆ. ಬಂಡಿ ತನ್ನಿಂದ ದೂರ ತಿರುಗುತ್ತಿದೆ ಎಂದು ನಂಬಿ ಪಕ್ಕದಲ್ಲೇ ನಿಂತವನಿಗೆ ರ್ಯಾಕಿನ ಕಂಬ ಮತ್ತು ಕೌಂಟರ್‌ವೇಟಿನ ನಡುವೆ ಜಾಗವೇ ಉಳಿಯುವುದಿಲ್ಲ. ರಸ್ತೆಯಲ್ಲಿ ವಾಹನಗಳನ್ನು ನೋಡಿ ಬೆಳೆದ ಕಣ್ಣು ಇದನ್ನು ಊಹಿಸುವುದಿಲ್ಲ, ಆದ್ದರಿಂದ ಹೊಸಬರಿಗೆ ಇದನ್ನು ಬಾಯಲ್ಲಿ ಹೇಳಿದರೆ ಸಾಲದು, ಖಾಲಿ ಜಾಗದಲ್ಲಿ ಬಂಡಿ ತಿರುಗಿಸಿ ತೋರಿಸಬೇಕು.

ಚಾಲಕನಿಗೆ ಕಾಣುವುದೂ ಕಡಿಮೆ. ಎದುರಿಗೆ ಮಾಸ್ಟಿನ ಉಕ್ಕಿನ ಕಂಬಗಳು, ಚೈನು, ಹೈಡ್ರಾಲಿಕ್ ಪೈಪು. ಮೇಲೆ ರಕ್ಷಣಾ ಚಾವಣಿಯ ಪಟ್ಟಿಗಳು. ಪ್ಯಾಲೆಟ್ ಹೊತ್ತ ಮೇಲೆ ಇಡೀ ಗೋಡೆಯೇ ಅಡ್ಡ ಬಂದಂತೆ. ಎದೆಯೆತ್ತರ ಮೀರಿದ ಸರಕಿದ್ದರೆ ಹಿಮ್ಮುಖವಾಗಿ ಓಡಿಸಬೇಕೆಂಬುದು ರೂಢಿ. ಇಳಿಜಾರು ಹತ್ತುವಾಗ ಮಾತ್ರ ಸರಕು ಮೇಲ್ಗಡೆಗೇ ಇರಬೇಕಾದ್ದರಿಂದ ಹಾಗೆ ಮಾಡುವಂತಿಲ್ಲ. ಆಗ ದಾರಿ ತೋರಿಸಲು ಇನ್ನೊಬ್ಬ ಬೇಕು. ಇಡೀ ಪಾಳಿ ಕತ್ತು ಹೊರಳಿಸಿ ಹಿಂದೆ ನೋಡುತ್ತ ಓಡಿಸುವವನ ಕತ್ತು ಬೆನ್ನುಗಳ ಸ್ಥಿತಿಯನ್ನು ಸುರಕ್ಷತೆಯ ಲೆಕ್ಕದಲ್ಲಿ ಸೇರಿಸುವವರು ಕಡಿಮೆ. ಪಾಳಿಯ ಕೊನೆಯ ಗಂಟೆಯಲ್ಲಿ ಅವನು ಪೂರ್ತಿ ತಿರುಗಿ ನೋಡದೆ ಹೋಗುವುದಕ್ಕೆ ಉದಾಸೀನಕ್ಕಿಂತ ನೋವೇ ಕಾರಣವಿರಬಹುದು.

ವೇಗದ ಲೆಕ್ಕ ಹೀಗಿದೆ. ಗಂಟೆಗೆ 10 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 2.8 ಮೀಟರ್. ಎದುರಿಗೆ ಮನುಷ್ಯ ಕಂಡು ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡ್ ಹಿಡಿದರೆ ಬ್ರೇಕ್ ಹಿಡಿಯುವ ಮೊದಲೇ 2.8 ಮೀಟರ್ ಕಳೆದಿರುತ್ತದೆ. ಸರಕು ಜಾರಿ ಬೀಳದಂತೆ ಮಿತವಾಗಿ ಬ್ರೇಕ್ ಹಾಕಿದರೆ ಇನ್ನೂ ಸುಮಾರು 2 ಮೀಟರ್ ಬೇಕು. ಒಟ್ಟು ಐದು ಮೀಟರಿಗೆ ಹತ್ತಿರ. ವೇಗ ಅರ್ಧಕ್ಕಿಳಿದರೆ ಈ ದೂರ ಎರಡು ಮೀಟರಿಗಿಂತ ಕಡಿಮೆಯಾಗುತ್ತದೆ, ಅಂದರೆ ಅರ್ಧಕ್ಕಿಂತಲೂ ಕಡಿಮೆ. ರ್ಯಾಕಿನ ತುದಿಯಿಂದ ಓಣಿಗೆ ಒಂದು ಹೆಜ್ಜೆ ಇಡಲು ಮನುಷ್ಯನಿಗೆ ಅರ್ಧ ಸೆಕೆಂಡ್ ಸಾಕು. ರ್ಯಾಕುಗಳ ತುದಿಯಲ್ಲಿ ಈ ಎರಡು ಲೆಕ್ಕಗಳು ಸಂಧಿಸಿದಾಗ ಚಾಲಕನ ಚುರುಕುತನಕ್ಕೆ ಮಾಡಲು ಉಳಿಯುವುದು ಬಹಳ ಕಡಿಮೆ.

ಅಪಘಾತದ ಬಗೆಗಳು

ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ರಾಷ್ಟ್ರೀಯ ಸಂಸ್ಥೆ 1980ರಿಂದ 1994ರ ವರೆಗಿನ ದಾಖಲೆಗಳಲ್ಲಿ ಫೋರ್ಕ್‌ಲಿಫ್ಟಿಗೆ ಸಂಬಂಧಿಸಿದ 1,021 ಸಾವುಗಳನ್ನು ಗುರುತಿಸಿತು. ಅವುಗಳಲ್ಲಿ ಶೇ. 22 ಬಂಡಿ ಮಗುಚಿದ್ದರಿಂದ, ಶೇ. 20 ನಡೆಯುತ್ತಿದ್ದವರಿಗೆ ಬಂಡಿ ಬಡಿದದ್ದರಿಂದ, ಶೇ. 16 ಬಂಡಿಗೆ ಸಿಲುಕಿ ಜಜ್ಜಿಹೋದದ್ದರಿಂದ, ಶೇ. 9 ಬಂಡಿಯಿಂದ ಬಿದ್ದದ್ದರಿಂದ ಆದವು. ಬ್ರಿಟನ್ನಿನ ಆರೋಗ್ಯ ಮತ್ತು ಸುರಕ್ಷತಾ ಕಾರ್ಯಾಲಯದ ಪ್ರಕಾರ ಕೆಲಸದ ಜಾಗದ ವಾಹನ ಅಪಘಾತಗಳಲ್ಲಿ ಕಾಲು ಭಾಗದಷ್ಟರಲ್ಲಿ ಎತ್ತುಬಂಡಿಗಳ ಪಾತ್ರವಿದೆ. ಹಳೆಯ ಅಂಕಿಗಳಾದರೂ ಅವು ತೋರಿಸುವ ಚಿತ್ರ ಬದಲಾಗಿಲ್ಲ: ಮಗುಚುವ ಬಂಡಿ ಬಹುಪಾಲು ಚಾಲಕನ ಜೀವಕ್ಕೆ ಎರವಾದರೆ, ನೆಟ್ಟಗೆ ಓಡುತ್ತಿರುವ ಬಂಡಿ ಬೇರೆಯವರ ಜೀವಕ್ಕೆ.

ಬಡಿತವೆಂದರೆ ವೇಗದ ಡಿಕ್ಕಿಯೇ ಆಗಬೇಕಿಲ್ಲ. ನಡಿಗೆಯ ವೇಗದಲ್ಲಿ ಬಂದ ನಾಲ್ಕು ಟನ್ ತೂಕ ಪಾದದ ಮೇಲೆ ಹತ್ತಿದರೆ ಸುರಕ್ಷತಾ ಬೂಟು ಬೆರಳಿನ ತುದಿಯನ್ನು ಉಳಿಸಬಹುದು, ಹಿಮ್ಮಡಿ ಮತ್ತು ಕಣಕಾಲನ್ನು ಉಳಿಸಲಾರದು. ನೆಲದ ಹತ್ತಿರ ಚಾಚಿಕೊಂಡಿರುವ ಖಾಲಿ ಫೋರ್ಕು ಮೊಣಕಾಲ ಕೆಳಗೆ ಹೊಡೆಯುತ್ತದೆ. ಎತ್ತರದ ರ್ಯಾಕಿನಲ್ಲಿ ಒಂದು ಪ್ಯಾಲೆಟ್ ತಳ್ಳಿದಾಗ ಅದರ ಹಿಂದಿನದು ಆಚೆಯ ಓಣಿಗೆ ಬೀಳುವುದುಂಟು. ಆ ಓಣಿಯಲ್ಲಿ ಯಾರಿದ್ದಾರೆಂದು ಚಾಲಕನಿಗೆ ಕಾಣುವುದೇ ಇಲ್ಲ. ಬಲ್ಬ್ ಬದಲಿಸಲೋ ಮೇಲಿನ ಪೆಟ್ಟಿಗೆ ತೆಗೆಯಲೋ ಫೋರ್ಕಿನ ಮೇಲೆ ಖಾಲಿ ಪ್ಯಾಲೆಟ್ ಇಟ್ಟು ಮನುಷ್ಯನನ್ನು ಎತ್ತುವ ಪದ್ಧತಿ ನಮ್ಮ ಗೋದಾಮುಗಳಲ್ಲಿ ಇನ್ನೂ ಕಾಣಸಿಗುತ್ತದೆ. ಅದಕ್ಕೆಂದೇ ಕಂಬಿ, ಕೊಂಡಿಗಳಿರುವ ಪಂಜರ ಇದೆ. ಅದಿಲ್ಲದೆ ಎತ್ತುವುದನ್ನು ಯಾವ ಕಾರಣಕ್ಕೂ ಒಪ್ಪಲಾಗದು.

ಬೇರ್ಪಡಿಸುವಿಕೆ

ಸುರಕ್ಷತೆಯ ಕ್ರಮಗಳನ್ನು ಪರಿಣಾಮದ ಅನುಕ್ರಮದಲ್ಲಿ ಜೋಡಿಸುವ ಪದ್ಧತಿಯೊಂದು ಜಗತ್ತಿನೆಲ್ಲೆಡೆ ಬಳಕೆಯಲ್ಲಿದೆ: ಅಪಾಯವನ್ನೇ ತೆಗೆದುಹಾಕುವುದು, ಕಡಿಮೆ ಅಪಾಯದ್ದನ್ನು ತರುವುದು, ತಾಂತ್ರಿಕ ತಡೆ, ನಿಯಮ ಮತ್ತು ತರಬೇತಿ, ಕೊನೆಗೆ ಮೈಮೇಲಿನ ರಕ್ಷಣಾ ಸಾಧನ. ಬಹುತೇಕ ಗೋದಾಮುಗಳು ಈ ಏಣಿಯನ್ನು ಕೊನೆಯ ಮೆಟ್ಟಿಲಿನಿಂದ ಹಿಡಿಯುತ್ತವೆ. ಹೊಳೆಯುವ ಹಸಿರು ಜಾಕೆಟ್, ಹೆಲ್ಮೆಟ್, ಗೋಡೆಯ ಮೇಲೊಂದು ಫಲಕ, ಬೆಳಗಿನ ಸಾಲಿನಲ್ಲಿ ಎಚ್ಚರಿಕೆಯ ಮಾತು. ಇವು ಬೇಕು, ಆದರೆ ಬಂಡಿ ಮತ್ತು ಮನುಷ್ಯ ಒಂದೇ ಕಡೆ ಸೇರುವುದನ್ನು ಇವು ತಡೆಯುವುದಿಲ್ಲ. ಪ್ರತಿಫಲಿಸುವ ಪಟ್ಟಿ ಹೊಳೆಯಬೇಕಾದರೆ ಬಂಡಿಯ ದೀಪ ಅದರ ಮೇಲೆ ಬೀಳಬೇಕು, ಚಾಲಕ ಆ ಕಡೆ ನೋಡುತ್ತಿರಬೇಕು. ಎತ್ತರದ ಸರಕಿನ ಆಚೆ ನಿಂತವನ ಜಾಕೆಟ್ ಯಾವ ಬಣ್ಣದ್ದಾದರೂ ಒಂದೇ.

ಆದ್ದರಿಂದ ಮೊದಲ ಪ್ರಶ್ನೆ: ಈ ಓಣಿಯಲ್ಲಿ ಮನುಷ್ಯರು ನಡೆಯುವ ಅಗತ್ಯವಾದರೂ ಏನು? ಕೇಳಿ ನೋಡಿದರೆ ಉತ್ತರಗಳು ಸಣ್ಣವಾಗಿರುತ್ತವೆ. ಶೌಚಾಲಯ ಆಚೆ ಬದಿಯಲ್ಲಿದೆ. ಕುಡಿಯುವ ನೀರಿನ ಕ್ಯಾನ್ ಲಾರಿಗೆ ಮಾಲು ಹತ್ತಿಸುವ ಡಾಕಿನ ಪಕ್ಕ ಇದೆ. ಹಾಜರಿ ಯಂತ್ರ ಒಳಗಿದೆ. ಮುದ್ರಣವಾದ ಚೀಟಿ ತರಲು ಆಫೀಸಿಗೆ ಹೋಗಬೇಕು. ನೀರಿನ ಕ್ಯಾನನ್ನು ಸ್ಥಳಾಂತರಿಸಿದರೆ ದಿನಕ್ಕೆ ನೂರಾರು ಸಲ ಓಣಿ ದಾಟುವುದು ತಪ್ಪುತ್ತದೆ, ಖರ್ಚೂ ಇಲ್ಲ. ಗೋದಾಮಿನ ಸುರಕ್ಷತೆಗೆ ಹೊಸದಾಗಿ ಕೈಹಾಕುವವರು ಒಂದು ಪಾಳಿಯ ಉದ್ದಕ್ಕೂ ಮೂಲೆಯಲ್ಲಿ ನಿಂತು ಯಾರು ಎಲ್ಲಿಂದ ಎಲ್ಲಿಗೆ, ಏಕೆ ನಡೆದರು ಎಂದು ನಕ್ಷೆಯ ಮೇಲೆ ಗೆರೆ ಎಳೆಯುವುದಕ್ಕಿಂತ ಉಪಯುಕ್ತವಾದ ಆರಂಭ ಇನ್ನೊಂದಿಲ್ಲ.

ನಡೆಯಲೇಬೇಕಾದ ಕಡೆ ದಾರಿ ಬೇರೆಯಾಗಬೇಕು. ಬ್ರಿಟನ್ನಿನ 1992ರ ಕೆಲಸದ ಜಾಗದ ನಿಯಮಾವಳಿಯ 17ನೆಯ ನಿಯಮ ಪಾದಚಾರಿಗಳೂ ವಾಹನಗಳೂ ಸುರಕ್ಷಿತವಾಗಿ ಓಡಾಡುವಂತೆ ಜಾಗವನ್ನು ಅಣಿಗೊಳಿಸುವ ಹೊಣೆಯನ್ನು ಮಾಲೀಕನ ಮೇಲೆಯೇ ಹೊರಿಸುತ್ತದೆ. ಹಳದಿ ಬಣ್ಣದ ಗೆರೆ ದಾರಿಯನ್ನು ಸೂಚಿಸುತ್ತದೆ, ಬಂಡಿಯನ್ನು ತಡೆಯುವುದಿಲ್ಲ. ಜೊತೆಗೆ ಟೈರಿನ ಉಜ್ಜುವಿಕೆಗೆ ಕೆಲವೇ ತಿಂಗಳಲ್ಲಿ ಅಳಿಸುತ್ತದೆ. ಸರಕು ಹೆಚ್ಚಾದ ವಾರ ಆ ಗೆರೆಯೊಳಗೇ ಪ್ಯಾಲೆಟ್ಟುಗಳನ್ನು ಜೋಡಿಸಿಡುತ್ತಾರೆ, ನಡೆಯುವವರು ಬಂಡಿಯ ದಾರಿಗೆ ಇಳಿಯುತ್ತಾರೆ. ಹಬ್ಬದ ಮಾರಾಟದ ದಿನಗಳಲ್ಲಿ ಹೊಸ ತಾತ್ಕಾಲಿಕ ಕೆಲಸಗಾರರು ಬರುವುದೂ, ಸರಕು ಉಕ್ಕುವುದೂ, ಪಾದಚಾರಿ ದಾರಿ ಮಾಯವಾಗುವುದೂ ಒಟ್ಟೊಟ್ಟಿಗೇ ನಡೆಯುತ್ತದೆ. ದಾಸ್ತಾನಿನ ಗರಿಷ್ಠ ಮಿತಿಯನ್ನು ನಿರ್ಧರಿಸುವಾಗಲೇ ನಡೆಯುವ ದಾರಿಯನ್ನು ಅದರಿಂದ ಕಳೆದು ಲೆಕ್ಕ ಹಾಕಬೇಕು.

ಗಟ್ಟಿ ತಡೆಬೇಲಿ ಇದಕ್ಕೆ ಉತ್ತರ. ಉಕ್ಕಿನದು ಹಳೆಯ ಬಗೆ. ಬಡಿತವನ್ನು ಹೀರಿ ಮತ್ತೆ ನೆಟ್ಟಗಾಗುವ ಪಾಲಿಮರ್ ಬೇಲಿಗಳು ಈಗ ಬಳಕೆಗೆ ಬಂದಿವೆ. ಬೇಲಿ ಎಷ್ಟು ತೂಕದ ಬಂಡಿಯನ್ನು ಎಷ್ಟು ವೇಗದಲ್ಲಿ ತಡೆಯಬಲ್ಲದು ಎಂದು ಪರೀಕ್ಷಿಸುವ ವಿಧಾನವನ್ನು ಬ್ರಿಟಿಷ್ ಮಾನಕ ಸಂಸ್ಥೆಯ ಪಿಎಎಸ್ 13 ಎಂಬ 2017ರ ದಾಖಲೆ ವಿವರಿಸುತ್ತದೆ. ಬಡಿತಕ್ಕೆ ಬೇಲಿ ಬಾಗುವಷ್ಟು ಜಾಗವನ್ನು ಅದರ ಹಿಂದೆ ಖಾಲಿ ಬಿಡಬೇಕು. ಬೇಲಿಗೆ ಅಂಟಿಕೊಂಡೇ ನಡೆಯುವ ದಾರಿ ಮಾಡಿದರೆ ಬಾಗಿದ ಬೇಲಿಯೇ ಮನುಷ್ಯನಿಗೆ ತಗಲುತ್ತದೆ. ಷಟರ್ ಬಾಗಿಲಿನ ಪಕ್ಕದಲ್ಲಿ ನಡೆಯುವವರಿಗೆ ಪ್ರತ್ಯೇಕ ಬಾಗಿಲು ಇರಲೇಬೇಕು. ಅದು ತೆರೆಯುವ ಜಾಗ ನೇರ ಬಂಡಿಯ ದಾರಿಗಾದರೆ ಪ್ರಯೋಜನವಿಲ್ಲ. ಹೊರಬಂದವನು ಬಲಕ್ಕೋ ಎಡಕ್ಕೋ ಒಂದೆರಡು ಹೆಜ್ಜೆ ಬೇಲಿಯೊಳಗೆ ನಡೆದು ಆಮೇಲೆ ದಾಟುವಂತಿರಬೇಕು.

ದಾಟುವ ಜಾಗಗಳು ಕಡಿಮೆ ಇದ್ದಷ್ಟೂ ಒಳ್ಳೆಯದು, ಆದರೆ ಜನ ಸಹಜವಾಗಿ ದಾಟುವಲ್ಲೇ ಇರಬೇಕು. ಐವತ್ತು ಮೀಟರ್ ಸುತ್ತಿ ಬರಬೇಕೆಂದರೆ ಬೇಲಿಯ ಕೆಳಗೆ ನುಸುಳುತ್ತಾರೆ, ಅದನ್ನು ಅಶಿಸ್ತು ಎಂದು ಬೈದು ಪ್ರಯೋಜನವಿಲ್ಲ. ತನ್ನ ಕಡೆಗೆ ಎಳೆದು ತೆರೆಯುವ, ತಾನೇ ಮುಚ್ಚಿಕೊಳ್ಳುವ ಗೇಟು ಮನುಷ್ಯನನ್ನು ಒಂದು ಕ್ಷಣ ನಿಲ್ಲಿಸುತ್ತದೆ. ಆ ಒಂದು ಕ್ಷಣದ ನಿಲುಗಡೆಗೆ ಮೇಲೆ ಹೇಳಿದ ಐದು ಮೀಟರಿನ ಲೆಕ್ಕದಲ್ಲಿ ದೊಡ್ಡ ಬೆಲೆಯಿದೆ. ಮೂಲೆಗಳಲ್ಲಿ ಉಬ್ಬುಗನ್ನಡಿ, ರ್ಯಾಕಿನ ಕೊನೆಯ ಕಂಬದ ಬಳಿ ಸರಕು ಇಡದೆ ನೋಟ ಬಿಡಿಸುವುದು, ಬಂಡಿಗಳಿಗೆ ಏಕಮುಖ ಸಂಚಾರ, ಇವು ಪೂರಕ ಕ್ರಮಗಳು. ಜಾಗ ಬೇರ್ಪಡಿಸಲಾಗದ ಹಳೆಯ ಕಟ್ಟಡದಲ್ಲಿ ಹೊತ್ತನ್ನು ಬೇರ್ಪಡಿಸಬಹುದು. ಬೆಳಿಗ್ಗೆ ಎರಡು ಗಂಟೆ ಬಂಡಿಗಳು ರ್ಯಾಕು ತುಂಬಲಿ, ಆಮೇಲೆ ಅವು ನಿಂತು ಜನ ಒಳಗೆ ಹೋಗಲಿ. ಇದಕ್ಕೆ ಹಣ ಬೇಡ, ಆದರೆ ಸಾಗಣೆ ವಿಭಾಗ ಮತ್ತು ದಾಸ್ತಾನು ವಿಭಾಗದ ಮುಖ್ಯಸ್ಥರು ಒಂದೇ ಮೇಜಿಗೆ ಕೂರಬೇಕು.

ಡಾಕಿನ ಸಮಸ್ಯೆ

ಒಳಗಿನ ಓಣಿಗಳಲ್ಲಿ ಸಾಧ್ಯವಾದ ಬೇರ್ಪಡಿಕೆ ಲಾರಿಗೆ ಮಾಲು ಹತ್ತಿಸುವ, ಇಳಿಸುವ ಡಾಕಿನಲ್ಲಿ ಕುಸಿದುಬೀಳುತ್ತದೆ. ಅಲ್ಲಿ ಫೋರ್ಕ್‌ಲಿಫ್ಟ್, ಹ್ಯಾಂಡ್ ಪ್ಯಾಲೆಟ್ ಟ್ರಕ್ ಎಳೆಯುವವರು, ಬಿಡಿ ಪೆಟ್ಟಿಗೆ ಹೊರುವವರು, ಎಣಿಸುವವರು, ಲಾರಿಯವರು ಎಲ್ಲರೂ ಒಂದೇ ಕಿರಿದಾದ ಕಟ್ಟೆಯ ಮೇಲೆ ಇರುತ್ತಾರೆ. ಪ್ಯಾಲೆಟ್ ಮೇಲೆ ಬರುವ ಸರಕು ಪೂರ್ತಿ ರೂಢಿಯಾಗಿರುವ ದೇಶಗಳಿಗಿಂತ ಭಾರತದಲ್ಲಿ ಈ ಸಮಸ್ಯೆ ದೊಡ್ಡದು, ಏಕೆಂದರೆ ಇಲ್ಲಿ ಅರ್ಧ ಸರಕು ಪ್ಯಾಲೆಟ್ಟಿನಲ್ಲಿ, ಅರ್ಧ ಮೂಟೆ ಪೆಟ್ಟಿಗೆಗಳಲ್ಲಿ ಬರುವುದು ಸಾಮಾನ್ಯ. ಲಾರಿಯೊಳಗೆ ನಾಲ್ವರು ಲೋಡರುಗಳು ಪೆಟ್ಟಿಗೆ ಜೋಡಿಸುತ್ತಿರುವಾಗಲೇ ಬಾಗಿಲಿಗೆ ಫೋರ್ಕ್‌ಲಿಫ್ಟ್ ಮುಂದಿನ ಪ್ಯಾಲೆಟ್ ತಂದು ನಿಲ್ಲಿಸುತ್ತದೆ. ಅವರ ಹಿಂದೆ ಲಾರಿಯ ತಗಡು, ಮುಂದೆ ಫೋರ್ಕು. ಮೇಜೋ ಗೋಡೆಯೋ ಬೆನ್ನಿಗಿರುವ ವ್ಯಕ್ತಿಯ ಕಡೆಗೆ ಬಂಡಿ ಓಡಿಸಕೂಡದು ಎಂದು ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಆಡಳಿತದ (ಓಶಾ) ನಿಯಮ ಸ್ಪಷ್ಟವಾಗಿ ಹೇಳುತ್ತದೆ. ಲಾರಿಯೊಳಗಿನ ಲೋಡರಿಗೆ ಇದಕ್ಕಿಂತ ಚೆನ್ನಾಗಿ ಹೊಂದುವ ನಿಯಮ ಇಲ್ಲ. ಪ್ಯಾಲೆಟ್ ಬಾಗಿಲಲ್ಲಿ ಇಟ್ಟು ಬಂಡಿ ಪೂರ್ತಿ ಹಿಂದೆ ಸರಿದ ಮೇಲೆ ಜನ ಮುಂದೆ ಬರಬೇಕು. ಜನ ಒಳಗಿನ ಗುರುತಿನ ಹಿಂದೆ ನಿಂತ ಮೇಲೆ ಬಂಡಿ ಬರಬೇಕು. ಈ ಸರದಿಯನ್ನು ಕಾಯಲು ಪ್ರತಿ ಬಾಗಿಲಿಗೆ ಒಬ್ಬ ಹೊಣೆಗಾರ ಇರಬೇಕು.

ಲಾರಿ ತಾನೇ ಮುಂದೆ ಸರಿಯುವುದು ಇನ್ನೊಂದು ಅಪಾಯ. ಫೋರ್ಕ್‌ಲಿಫ್ಟ್ ಒಳಗೆ ಹೋಗಿ ಬ್ರೇಕ್ ಹಾಕಿದಾಗಲೆಲ್ಲ ಲಾರಿಗೆ ಸ್ವಲ್ಪ ತಳ್ಳು ಸಿಗುತ್ತದೆ, ಡಾಕಿನ ಹಲಗೆ ಮತ್ತು ಲಾರಿಯ ನಡುವೆ ಸಂದು ಬೆಳೆಯುತ್ತದೆ. ಲೋಡಿಂಗ್ ಮುಗಿಯಿತೆಂದು ತಪ್ಪು ತಿಳಿದ ಚಾಲಕ ಲಾರಿಯನ್ನೇ ಹೊರಡಿಸಿದರೆ ಬಂಡಿಯೂ ಮನುಷ್ಯನೂ ಕೆಳಗೆ. ಚಕ್ರಕ್ಕೆ ಅಡ್ಡಗಟ್ಟೆ ಇಡುವುದು ಹಳೆಯ ಉಪಾಯ. ಲಾರಿಯ ಕೀಲಿಯನ್ನು ಡಾಕಿನ ಪೆಟ್ಟಿಗೆಯಲ್ಲಿ ಇಟ್ಟು, ಬಾಗಿಲು ಮುಚ್ಚಿದ ಮೇಲೆಯೇ ಕೊಡುವುದು ಅದಕ್ಕಿಂತ ಗಟ್ಟಿ ಉಪಾಯ.

ಲಾರಿಯ ಚಾಲಕ ಮತ್ತು ಕ್ಲೀನರ್ ಈ ಜಾಗದ ಅತಿಥಿಗಳು, ಇಲ್ಲಿಯ ನಿಯಮ ಗೊತ್ತಿಲ್ಲದವರು. ರಾತ್ರಿಯೆಲ್ಲ ಓಡಿಸಿ ಬಂದು, ಸರದಿಗಾಗಿ ಗಂಟೆಗಟ್ಟಲೆ ಕಾದು, ಮಾಲು ಸರಿಯಾಗಿ ಎಣಿಸಿದರೇ ಎಂಬ ಆತಂಕದಲ್ಲಿ ಡಾಕಿನ ಮೇಲೆ ಬಂದು ನಿಲ್ಲುತ್ತಾರೆ. ಮಾಲು ಕಡಿಮೆ ಬಿದ್ದರೆ ಅವರ ಬಾಡಿಗೆಯಲ್ಲಿ ಮುರಿದುಕೊಳ್ಳುವ ಪದ್ಧತಿ ಇರುವಾಗ ಅವರು ಎದುರಿಗೇ ನಿಂತು ನೋಡಬಯಸುವುದು ಸಹಜ. ಅವರನ್ನು ಗದರಿ ಓಡಿಸುವ ಬದಲು ನೆರಳು, ನೀರು, ಶೌಚಾಲಯವಿರುವ ಕಾಯುವ ಕೋಣೆ ಕಟ್ಟಿ, ಎಣಿಕೆ ಕಾಣುವಂತೆ ಒಂದು ಕಿಟಕಿಯನ್ನೋ ಪರದೆಯನ್ನೋ ಇಟ್ಟರೆ ಡಾಕು ಅರ್ಧ ಖಾಲಿಯಾಗುತ್ತದೆ. ಸುರಕ್ಷತೆಗೆಂದು ಮಾಡಿದ ಖರ್ಚುಗಳಲ್ಲಿ ಇದರಷ್ಟು ಮಾನವೀಯವಾದದ್ದು ವಿರಳ.

ಚಾಲಕನ ತರಬೇತಿ

ಅಮೆರಿಕದಲ್ಲಿ 1998ರ ಡಿಸೆಂಬರಿನಲ್ಲಿ ಪ್ರಕಟವಾದ ನಿಯಮದಂತೆ ಪ್ರತಿ ಚಾಲಕನಿಗೂ ಪಾಠ, ಪ್ರಾಯೋಗಿಕ ಅಭ್ಯಾಸ, ಕೆಲಸದ ಜಾಗದಲ್ಲೇ ಪರೀಕ್ಷೆ ಆಗಬೇಕು. ಮೂರು ವರ್ಷಕ್ಕೊಮ್ಮೆ ಮರುಮೌಲ್ಯಮಾಪನ ಆಗಬೇಕು. ಅಪಘಾತವೋ ಸ್ವಲ್ಪದರಲ್ಲಿ ತಪ್ಪಿದ ಘಟನೆಯೋ ಆದರೆ ಮರುತರಬೇತಿ ಕೊಡಬೇಕು. 18 ವರ್ಷ ತುಂಬದವರು ಬಂಡಿ ಓಡಿಸುವಂತಿಲ್ಲ. ಜಪಾನಿನಲ್ಲಿ ಒಂದು ಟನ್ ಮತ್ತು ಮೇಲ್ಪಟ್ಟ ಬಂಡಿಗೆ ಕಾನೂನುಬದ್ಧ ತರಬೇತಿಯ ಪ್ರಮಾಣಪತ್ರ ಬೇಕು. ಆಸ್ಟ್ರೇಲಿಯಾದಲ್ಲಿ ಹೆಚ್ಚಿನ ಅಪಾಯದ ಕೆಲಸದ ಪರವಾನಗಿ ಪಡೆಯದೆ ಸೀಟಿನಲ್ಲಿ ಕೂರುವಂತಿಲ್ಲ. ತರಬೇತಿಯನ್ನು ಬಂಡಿಯ ಬಗೆಗೆ ತಕ್ಕಂತೆ ಕೊಡಬೇಕೆಂಬುದು ಇವೆಲ್ಲದರ ಸಾರ: ಕೌಂಟರ್‌ಬ್ಯಾಲೆನ್ಸ್ ಬಂಡಿ ಬಲ್ಲವನಿಗೆ ಪಕ್ಕಕ್ಕೆ ಕೂತು ಓಡಿಸುವ ರೀಚ್ ಟ್ರಕ್ ಹೊಸ ಯಂತ್ರವೇ.

ಇಷ್ಟಾಗಿಯೂ ನಡೆದಾಡುವವರಿಗೆ ತರಬೇತಿ ಕೊಡುವ ಗೋದಾಮು ಕಡಿಮೆ. ಅವರಿಗೆ ಕಲಿಸಬೇಕಾದದ್ದು ಹೆಚ್ಚೇನಿಲ್ಲ. ಚಾಲಕನ ಕಣ್ಣಿಗೆ ಕಣ್ಣು ಸೇರಿಸಿ, ಅವನು ತಲೆಯಾಡಿಸಿದ ಮೇಲೆ ದಾಟುವುದು. ಎತ್ತಿದ ಫೋರ್ಕಿನ ಕೆಳಗೆ, ಅದು ಖಾಲಿಯಿದ್ದರೂ, ಹೋಗದಿರುವುದು. ಬಂಡಿಯ ಹಿಂಭಾಗದ ಬೀಸಿನಿಂದ ದೂರವಿರುವುದು. ಮಗುಚುವ ಬಂಡಿಯನ್ನೋ ಜಾರುವ ಸರಕನ್ನೋ ಕೈಯಿಂದ ಹಿಡಿಯಲು ಹೋಗದಿರುವುದು. ಚಾಲಕನಿಗಾದರೋ ಬಂಡಿ ಮಗುಚುವಾಗ ಹೊರಗೆ ಹಾರಬಾರದೆಂಬ ಪಾಠ ಮುಖ್ಯ: ಬೆಲ್ಟ್ ಕಟ್ಟಿ, ಸ್ಟೀರಿಂಗ್ ಬಿಗಿಯಾಗಿ ಹಿಡಿದು, ಬೀಳುವ ಬದಿಗೆ ವಿರುದ್ಧ ವಾಲಬೇಕು. ಹಾರಿದವರನ್ನು ಮೇಲಿನ ರಕ್ಷಣಾ ಚಾವಣಿಯೇ ಅಮುಕುತ್ತದೆ.

ಬೆಂಗಳೂರು ಸುತ್ತಲಿನ ಗೋದಾಮುಗಳಲ್ಲಿ ಕನ್ನಡ, ಹಿಂದಿ, ಒಡಿಯಾ, ಅಸ್ಸಾಮಿ, ಬಂಗಾಳಿ ಆಡುವವರು ಒಂದೇ ಪಾಳಿಯಲ್ಲಿ ಇರುತ್ತಾರೆ. ಇಂಗ್ಲಿಷಿನಲ್ಲಿ ಮುದ್ರಿಸಿದ ಸುರಕ್ಷತಾ ಕೈಪಿಡಿಗೆ ಸಹಿ ಹಾಕಿಸಿಕೊಂಡರೆ ಕಡತ ತುಂಬುತ್ತದೆ, ತಿಳಿವಳಿಕೆ ಬರುವುದಿಲ್ಲ. ಐಎಸ್ಒ 7010 ಮಾನಕದ ತ್ರಿಕೋನ ಹಳದಿ ಫಲಕದ ಮೇಲಿನ ಫೋರ್ಕ್‌ಲಿಫ್ಟ್ ಚಿತ್ರ ಎಲ್ಲರಿಗೂ ಅರ್ಥವಾಗುತ್ತದೆ. ಉಳಿದದ್ದನ್ನು ಅವರವರ ಭಾಷೆ ಬಲ್ಲ ಸಹೋದ್ಯೋಗಿ ನೆಲದ ಮೇಲೇ ತೋರಿಸಿ ಹೇಳಬೇಕು.

ದೀಪ, ಸದ್ದು, ಸೆನ್ಸರು

ಬಂಡಿಯ ಮುಂದೆಯೋ ಹಿಂದೆಯೋ ಕೆಲವು ಮೀಟರ್ ದೂರದಲ್ಲಿ ನೆಲದ ಮೇಲೆ ನೀಲಿ ಬೆಳಕಿನ ಚುಕ್ಕೆ ಬೀಳಿಸುವ ದೀಪ ಈಗ ಸಾಮಾನ್ಯ. ಮೂಲೆಯಾಚೆಯಿಂದ ಬಂಡಿ ಬರುವ ಮೊದಲೇ ಚುಕ್ಕೆ ಕಾಣುತ್ತದೆ. ಸದ್ದಿಲ್ಲದೆ ಓಡುವ ಬ್ಯಾಟರಿ ಬಂಡಿಗಳಿಗೆ ಇದು ನಿಜವಾದ ಸಹಾಯ. ಬಿಸಿಲು ಬೀಳುವ ಡಾಕಿನ ಬಾಯಲ್ಲಿ ಮಾತ್ರ ಅದು ಕಾಣುವುದೇ ಇಲ್ಲ. ಪಕ್ಕಗಳಲ್ಲಿ ಕೆಂಪು ಗೆರೆ ಹಾಕುವ ದೀಪ ಹಿಂಭಾಗದ ಬೀಸಿನಿಂದ ಎಷ್ಟು ದೂರ ನಿಲ್ಲಬೇಕೆಂದು ತೋರಿಸುತ್ತದೆ. ಹಿಮ್ಮುಖ ಚಲನೆಯ ಬೀಪ್ ಸದ್ದು ಹತ್ತು ಬಂಡಿಗಳಿರುವ ಕಡೆ ಎಡೆಬಿಡದೆ ಕೇಳಿ ಕೇಳಿ ಕಿವಿಗೆ ಬೀಳದಂತಾಗುತ್ತದೆ. ಯಾವ ದಿಕ್ಕಿನಿಂದ ಬರುತ್ತಿದೆ ಎಂದು ತಿಳಿಯುವ, ಹಲವು ಆವರ್ತನಗಳು ಬೆರೆತು ಭುಸುಗುಟ್ಟುವಂಥ ಸದ್ದಿನ ಅಲಾರಮ್ ಉತ್ತಮ. ಕೆಲಸಗಾರರ ಜಾಕೆಟ್ಟಿನಲ್ಲಿ ರೇಡಿಯೋ ಟ್ಯಾಗ್ ಇಟ್ಟು ಹತ್ತಿರ ಬಂದಾಗ ಬಂಡಿಯ ವೇಗ ತಾನಾಗಿ ಇಳಿಯುವಂತೆ ಮಾಡುವ ವ್ಯವಸ್ಥೆಗಳಿವೆ, ಮನುಷ್ಯರನ್ನು ಗುರುತಿಸುವ ಕ್ಯಾಮೆರಾಗಳೂ ಇವೆ. ಟ್ಯಾಗ್ ಇಲ್ಲದ ಕ್ಲೀನರಿಗೆ ಮೊದಲನೆಯದು ಕುರುಡು. ಎರಡೂ ಪದೇ ಪದೇ ಸುಳ್ಳು ಎಚ್ಚರಿಕೆ ಕೊಟ್ಟರೆ ಚಾಲಕರು ಅದನ್ನು ಕಡೆಗಣಿಸಲು ಕಲಿಯುತ್ತಾರೆ.

ಚಾಲಕನಿಲ್ಲದ ಬಂಡಿಗಳಿಗೆ ಐಎಸ್ಒ 3691ರ ನಾಲ್ಕನೆಯ ಭಾಗವೆಂಬ ಪ್ರತ್ಯೇಕ ಮಾನಕ 2020ರಲ್ಲಿ ಬಂದಿದೆ. ಅವು ಮನುಷ್ಯ ಅಡ್ಡ ಬಂದರೆ ನಿಲ್ಲುತ್ತವೆ, ಆಯಾಸಗೊಳ್ಳುವುದಿಲ್ಲ. ಅವು ಮತ್ತು ಚಾಲಕರ ಬಂಡಿಗಳು ಒಂದೇ ಓಣಿಯಲ್ಲಿ ಬೆರೆತಾಗ, ಎಲ್ಲ ಬಂಡಿಯೂ ತನ್ನನ್ನು ಕಂಡು ನಿಲ್ಲುತ್ತದೆಂಬ ಅಭ್ಯಾಸ ನಡೆಯುವವರಿಗೆ ಬೆಳೆಯದಂತೆ ನೋಡಿಕೊಳ್ಳಬೇಕು.

ಭಾರತದ ಮತ್ತು ಕರ್ನಾಟಕದ ಸ್ಥಿತಿ

2017ರ ಜುಲೈ 1ರಂದು ಜಿಎಸ್‌ಟಿ ಬರುವ ಮುನ್ನ, ಅಂತರರಾಜ್ಯ ಮಾರಾಟ ತೆರಿಗೆಯ ಕಾರಣಕ್ಕೆ ಕಂಪನಿಗಳು ರಾಜ್ಯಕ್ಕೊಂದು ಸಣ್ಣ ಗೋದಾಮು ಇಡುತ್ತಿದ್ದವು. ಆಮೇಲೆ ಕೆಲವೇ ದೊಡ್ಡ ಗೋದಾಮುಗಳಲ್ಲಿ ಸರಕು ಸೇರಿಸುವುದು ಲಾಭದಾಯಕವಾಯಿತು. ಆನ್‌ಲೈನ್ ಮಾರಾಟವೂ ಜೊತೆಗೂಡಿತು. ನೆಲಮಂಗಲ, ದಾಬಸ್‌ಪೇಟೆ, ಹೊಸಕೋಟೆ, ಮಾಲೂರಿನ ಹೆದ್ದಾರಿ ಬದಿಯಲ್ಲಿ ಎತ್ತರದ ರ್ಯಾಕುಗಳ ಶೆಡ್ಡುಗಳು ಎದ್ದವು. ಹಮಾಲರ ಬೆನ್ನ ಮೇಲೆ ನಡೆಯುತ್ತಿದ್ದ ಕೆಲಸಕ್ಕೆ ಕೆಲವೇ ವರ್ಷಗಳಲ್ಲಿ ಯಂತ್ರ ಬಂತು, ಯಂತ್ರದ ಪಕ್ಕ ಬದುಕುವ ಅಭ್ಯಾಸ ಅಷ್ಟು ಬೇಗ ಬರಲಿಲ್ಲ.

ಕಾನೂನು ಕೂಡ ಹಿಂದೆ ಉಳಿದಿತ್ತು. 1988ರ ಮೋಟಾರು ವಾಹನ ಕಾಯ್ದೆ, ಕಾರ್ಖಾನೆಯಲ್ಲೋ ಆವರಣದೊಳಗೋ ಮಾತ್ರ ಬಳಸುವ ವಿಶೇಷ ಬಗೆಯ ವಾಹನವನ್ನು ಮೋಟಾರು ವಾಹನದ ವ್ಯಾಖ್ಯೆಯಿಂದ ಹೊರಗಿಟ್ಟಿದೆ. 1948ರ ಕಾರ್ಖಾನೆ ಕಾಯ್ದೆ ಶೀತಲಗೃಹದಲ್ಲಿ ವಸ್ತು ಸಂಗ್ರಹಿಸುವುದನ್ನು ತಯಾರಿಕಾ ಪ್ರಕ್ರಿಯೆ ಎಂದು ಪರಿಗಣಿಸಿತ್ತು, ಬರೀ ದಾಸ್ತಾನಿನ ಗೋದಾಮನ್ನು ಹಾಗೆ ಪರಿಗಣಿಸಿರಲಿಲ್ಲ. ವ್ಯಾಪಾರಕ್ಕೆ ಸೇರಿದ ಗೋದಾಮು ಕರ್ನಾಟಕದಲ್ಲಿ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ಬರುತ್ತಿತ್ತು. ಆ ಕಾಯ್ದೆಯ ಮುಖ್ಯ ಕಾಳಜಿ ಕೆಲಸದ ಅವಧಿ, ರಜೆ, ಸಂಬಳ. ಹತ್ತು ಮೀಟರ್ ಎತ್ತರಕ್ಕೆ ಟನ್ನುಗಟ್ಟಲೆ ಎತ್ತುವ ಯಂತ್ರ ಆ ಕಾಯ್ದೆ ಬರೆದವರ ಎಣಿಕೆಯಲ್ಲಿ ಇರಲಿಲ್ಲ. ಹೀಗೆ ಒಂದೇ ಬಂಡಿ, ಒಂದೇ ಅಪಾಯ, ಆದರೆ ಗೋಡೆಯ ಈಚೆ ಕಾರ್ಖಾನೆ ನಿರೀಕ್ಷಕರ ಕಣ್ಣಿತ್ತು, ಆಚೆ ಇರಲಿಲ್ಲ. 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದು, ಕಾರ್ಖಾನೆ ಕಾಯ್ದೆಯೂ ಸೇರಿ 13 ಕಾಯ್ದೆಗಳ ಜಾಗವನ್ನು ತೆಗೆದುಕೊಂಡಿದೆ. ಹತ್ತು ಮತ್ತು ಹೆಚ್ಚು ಜನ ದುಡಿಯುವ ವ್ಯಾಪಾರ ಸಂಸ್ಥೆಗಳೂ ಅದರ ವ್ಯಾಪ್ತಿಯಲ್ಲಿವೆ. ಅಪಾಯವಿಲ್ಲದ ಕೆಲಸದ ಜಾಗ ಒದಗಿಸುವುದು ಮಾಲೀಕನ ಕರ್ತವ್ಯ ಎಂಬ ಮಾತು ಈಗ ಗೋದಾಮಿಗೂ ಅನ್ವಯಿಸುತ್ತದೆ. ಗುತ್ತಿಗೆದಾರ ತಂದ ಲೋಡರಿಗೆ ಈ ರಕ್ಷಣೆ ಎಷ್ಟು ತಲುಪುತ್ತದೆ ಎಂಬುದು ರಾಜ್ಯದ ನಿಯಮಗಳು ಮತ್ತು ತಪಾಸಣೆಯ ಗಟ್ಟಿತನದ ಮೇಲೆ ನಿಂತಿದೆ.

ಕರ್ನಾಟಕ ರಾಜ್ಯ ಉಗ್ರಾಣ ನಿಗಮದ ಧಾನ್ಯದ ಉಗ್ರಾಣಗಳಲ್ಲೂ ಬ್ಯಾಡಗಿಯ ಮೆಣಸಿನಕಾಯಿ ಶೀತಲಗೃಹಗಳಲ್ಲೂ ಮೂಟೆ ಹೊರುವ ಹಮಾಲರೇ ಇಂದಿಗೂ ಆಧಾರ. ಅಂಥ ಕಡೆ ಮೊದಲ ಫೋರ್ಕ್‌ಲಿಫ್ಟ್ ತರುವವರು ಅದಕ್ಕೆ ಮುನ್ನವೇ ದಾರಿ ಗುರುತಿಸಬೇಕು. ಶೀತಲಗೃಹದಲ್ಲಿ ತೊಂದರೆಗಳು ಹೆಚ್ಚು: ಬಾಗಿಲು ತೆರೆದಾಗ ಮಂಜು ಕವಿಯುತ್ತದೆ, ನೆಲ ಒದ್ದೆಯಾಗಿ ಬ್ರೇಕಿನ ದೂರ ಬೆಳೆಯುತ್ತದೆ, ಚಳಿಗೆ ಕಿವಿ ಮುಚ್ಚಿಕೊಂಡವರಿಗೆ ಹಾರನ್ ಕೇಳುವುದಿಲ್ಲ. ಮುಚ್ಚಿದ ಜಾಗದಲ್ಲಿ ಡೀಸೆಲ್ ಅಥವಾ ಗ್ಯಾಸಿನ ಬಂಡಿ ಓಡಿಸಿದರೆ ಕಾರ್ಬನ್ ಮಾನಾಕ್ಸೈಡ್ ತುಂಬುವ ಅಪಾಯವೂ ಸೇರುತ್ತದೆ.

ದಿನನಿತ್ಯದ ನಿರ್ವಹಣೆ

ಪಾಳಿ ಶುರುವಾಗುವ ಮುನ್ನ ಬ್ರೇಕ್, ಹಾರನ್, ದೀಪ, ಟೈರು, ಚೈನು, ಫೋರ್ಕಿನ ಬಿರುಕು, ಎಣ್ಣೆ ಸೋರಿಕೆ ನೋಡಿ ಬರೆದಿಡುವುದು ರೂಢಿ. ಹಾರನ್ ಕೆಟ್ಟಿದೆ ಎಂದು ಬರೆದ ಚಾಲಕನಿಗೆ ಅದೇ ಬಂಡಿಯನ್ನು ಅದೇ ದಿನ ಓಡಿಸಲು ಹೇಳಿದರೆ ಮರುದಿನದಿಂದ ಅವನು ಎಲ್ಲ ಸರಿಯಿದೆ ಎಂದೇ ಗುರುತು ಹಾಕುತ್ತಾನೆ. ಬಂಡಿ ಬಿಡುವಾಗ ಫೋರ್ಕು ನೆಲಕ್ಕಿಳಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಕೀಲಿ ತೆಗೆದುಕೊಳ್ಳಬೇಕು. ಕೀಲಿ ಬಂಡಿಯಲ್ಲೇ ಉಳಿದರೆ ತರಬೇತಿಯಿಲ್ಲದವರೂ ಕೂತು ಓಡಿಸುತ್ತಾರೆ. ವೇಗದ ಮಿತಿಯನ್ನು ಫಲಕದಲ್ಲಿ ಬರೆದು, ಗಂಟೆಗೆ ಇಷ್ಟು ಪ್ಯಾಲೆಟ್ ಎಂಬ ಗುರಿಯನ್ನು ಆ ವೇಗದಲ್ಲಿ ಮುಟ್ಟಲಾಗದಷ್ಟು ಎತ್ತರಕ್ಕೆ ಇಡುವ ಗೋದಾಮಿನಲ್ಲಿ ಫಲಕವೇ ಸೋಲುತ್ತದೆ. ಗುರಿ ನಿಗದಿ ಮಾಡುವವರು ಸುರಕ್ಷಿತ ವೇಗದಲ್ಲಿ ಒಂದು ಸುತ್ತಿಗೆ ಎಷ್ಟು ಹೊತ್ತು ಬೇಕೆಂದು ಮೊದಲು ಅಳೆಯಬೇಕು.

ಸ್ವಲ್ಪದರಲ್ಲಿ ತಪ್ಪಿದ ಘಟನೆಗಳ ದಾಖಲೆ ಅಪಘಾತದ ದಾಖಲೆಗಿಂತ ಹೆಚ್ಚು ಕಲಿಸುತ್ತದೆ, ಹೇಳಿದವರಿಗೆ ಶಿಕ್ಷೆ ಇಲ್ಲದಿದ್ದರೆ ಮಾತ್ರ. ರ್ಯಾಕಿನ ಕಂಬಕ್ಕೆ ತಗುಲಿದ ಹೊಸ ಗೀರು, ಬೇಲಿಯ ಮೇಲಿನ ಟೈರಿನ ಕಪ್ಪು ಗುರುತು, ಮುರಿದ ಪ್ಯಾಲೆಟ್ಟಿನ ಚೂರು, ಇವು ಯಾರೂ ಬಾಯಿಬಿಡದಿದ್ದರೂ ಮಾತಾಡುವ ಸಾಕ್ಷಿಗಳು. ವಾರಕ್ಕೊಮ್ಮೆ ಇವನ್ನು ನಕ್ಷೆಯ ಮೇಲೆ ಚುಕ್ಕೆ ಇಟ್ಟು ಗುರುತಿಸುವ ಗೋದಾಮುಗಳಲ್ಲಿ ಚುಕ್ಕೆಗಳು ಎರಡು ಮೂರು ಕಡೆ ಗುಂಪುಗೂಡುತ್ತವೆ. ಆ ಜಾಗಗಳಲ್ಲಿ ಚಾಲಕರು ಬದಲಾದರೂ ಗುರುತುಗಳು ಬೀಳುತ್ತಲೇ ಇದ್ದರೆ, ವಿಚಾರಣೆ ಆಗಬೇಕಾದದ್ದು ಆ ತಿರುವಿನ ಅಗಲ, ಬೆಳಕು ಮತ್ತು ಅಲ್ಲಿ ನಡೆಯುವವರಿಗೆ ಬಿಟ್ಟಿರುವ ದಾರಿಯ ಬಗ್ಗೆ.